ಈ ವರ್ಷ ಡಿಗ್ರಿ ಮುಗಿಸಿದವ್ರನ್ನ ಕೆಲಸಕ್ಕ ತಗೊಂಡ್ರ ಟ್ಯಾಕ್ಸ್‌ದಾಗ ಏನರ ಸಿಗತದೇನ್ರಿ?

ತಾರಿಹಾಳ ವರ್ಕ್‌ಶಾಪ್:

ಎಲ್ಲಾರಿಗೂ ನಮಸ್ಕಾರ. ನಮ್ದು ಹುಬ್ಬಳ್ಳಿ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಸಣ್ಣ ಮಷೀನಿಂಗ್ ಯೂನಿಟ್ ಐತ್ರಿ, ಪಾರ್ಟ್ನರ್‌ಶಿಪ್ ಫರ್ಮ್, ನಾನೂ ನಮ್ಮಣ್ಣನೂ ಕೂಡಿ ನಡಸ್ತೀವಿ. ವಾಲ್ವ್ ಬಾಡಿ, ಫ್ಲ್ಯಾಂಜ್, ಪಂಪ್ ಶಾಫ್ಟ್ ಇಂಥಾವು. ಈಗ 23 ಮಂದಿ ಅದಾರ, ಎಲ್ಲಾರಿಗೂ ಪಿಎಫ್, ಇಎಸ್‌ಐ ಮೊದಲಿಂದನೂ ಐತಿ, ಅದ್ರಾಗ ನಾವು ಎಂದೂ ತಪ್ಪಿಸಿಲ್ಲ.

ಎರಡು ಹೊಸ ಸಿಎನ್‌ಸಿ ಮಷೀನ್ ಕೂಡಿಸೀವಿ, ಆರ್ಡರೂ ಅದಾವ, ಹಂಗಾಗಿ ಮೂರು ಮಂದಿ ಹೊಸಬ್ರನ್ನ ತಗೋಬೇಕಂತ ಮಾಡೀವಿ. ಇಬ್ರು ಮೆಕ್ಯಾನಿಕಲ್ ಬಿಇ, ಒಬ್ಬಾಕಿ ಬಿಕಾಂ. ಮೂರೂ ಮಂದಿ ಈ ವರ್ಷನ ಪಾಸಾದವ್ರು, ಇಲ್ಲೇ ಸುತ್ತಮುತ್ತ ಊರವ್ರು, ಬೆಂಗಳೂರಿಗೆ ಹೋಗೂದು ಬ್ಯಾಡ ಇಲ್ಲೇ ಸಿಕ್ರ ಚಲೋ ಅನ್ನವ್ರು. ತಿಂಗಳಿಗೆ 18 ಸಾವಿರ ಕೊಡಬೇಕಂತ ಲೆಕ್ಕ ಹಾಕೀವಿ.

ನನ್ನ ಚಿಂತಿ ಏನಂದ್ರ, ಹೊಸಬ್ರು ಬಂದ ಮ್ಯಾಲೆ ಆರು ತಿಂಗಳರ ನಾವು ಬರೇ ಕಲಸಬೇಕು. ಕಾಲೇಜ್‌ದಾಗ ಡ್ರಾಯಿಂಗ್ ಓದೂದು ಕಲ್ತಿರ್ತಾರ, ಖರೆ, ಆದ್ರ ಬೋರ್ ಗೇಜ್ ಕೈಯಾಗ ಹಿಡದು ಎರಡು ನೂರಾಂಶ ಮಿಲಿಮೀಟರ್ ಆಚೀಚೆ ಆಗೈತೋ ಇಲ್ಲೋ ಹೇಳೂದು, ಟೂಲ್ ಸವದೈತಿ ಅಂತ ಸದ್ದಿನ ಮ್ಯಾಲೆ ಗುರುತು ಹಿಡಿಯೂದು, ಆಫ್‌ಸೆಟ್ ಬದಲು ಮಾಡೂದು, ಇವೆಲ್ಲಾ ಮಷೀನ್ ಮುಂದ ನಿಂತ ಕಲೀಬೇಕು. ಅಲ್ಲೀತನಕ ಸ್ಕ್ರ್ಯಾಪ್ ಆಗತದ, ನಮ್ಮ ಹಳೇ ಆಪರೇಟರ್ ಟೈಮೂ ಹೋಗತದ. ಈ ಖರ್ಚಿಗೆ ಸರ್ಕಾರದಿಂದ ಏನರ ಆಸರ ಐತೇನು ಅಂತ ಕೇಳಿದ್ರ ಒಬ್ಬೊಬ್ರು ಒಂದೊಂದು ಹೇಳಾಕತ್ತಾರ. ವಾಟ್ಸಾಪ್‌ದಾಗ ಒಂದು ಮೆಸೇಜ್ ಬಂದೈತಿ, ಹೊಸ ಪದವೀಧರ್ನ ತಗೊಂಡ ಮಾಲೀಕ್ಗ 15 ಸಾವಿರ ಕೊಡ್ತಾರ ಅಂತ. ಬಾಜೂ ಫ್ಯಾಕ್ಟರಿಯವ್ರು ಅಂತಾರ, ಸಂಬಳದಾಗ 30 ಪರ್ಸೆಂಟ್ ಟ್ಯಾಕ್ಸ್ ಮಾಫ್ ಅಂತ. ಮತ್ತೊಬ್ರು ಅಪ್ರೆಂಟಿಸ್ ಅಂತ ತಗೋ, ಅರ್ಧಾ ಸಂಬಳ ಸರ್ಕಾರನ ಕೊಡತದ ಅಂತಾರ. ಯಾವ್ದು ಖರೆ, ಯಾವ್ದು ನಮಗ ಬರತದ, ಮೂರೂ ಕೂಡಿ ತಗೊಳಾಕ ಬರತದೇನು? ಗೊತ್ತಿದ್ದವ್ರು ಬಿಡಿಸಿ ಹೇಳ್ರಿ.

---

ಲೆಕ್ಕಪತ್ರ ದಾವಣಗೆರೆ:

ಸರ್, ನಾನು ಸಿಎ ಪ್ರಾಕ್ಟೀಸ್ ಮಾಡ್ತೀನಿ. ನಿಮಗೆ ಮೂರು ಬೇರೆ ಬೇರೆ ಯೋಜನೆಗಳನ್ನ ಕಲಸಿ ಹೇಳಿದ್ದಾರೆ. ಮೊದಲು ಒಂದು ವಿಷಯ: ಇದರಲ್ಲಿ ಮೊದಲ ಎರಡರಲ್ಲಿ "ಪದವೀಧರ" ಅನ್ನೋ ಷರತ್ತೇ ಇಲ್ಲ. ಕಾನೂನು ನೋಡೋದು ಆ ಮನುಷ್ಯ ಏನು ಓದಿದಾನೆ ಅಂತಲ್ಲ, ನಿಮ್ಮ ಪಿಎಫ್ ಲಿಸ್ಟ್‌ನಲ್ಲಿ ತಲೆ ಜಾಸ್ತಿ ಆಯ್ತಾ ಇಲ್ವಾ, ಸಂಬಳ ಎಷ್ಟು, ಎಷ್ಟು ದಿನ ಉಳಿದ್ರು ಅಂತ. ಡಿಗ್ರಿ ನೋಡೋದು ಅಪ್ರೆಂಟಿಸ್ ಯೋಜನೆ ಮಾತ್ರ.

30 ಪರ್ಸೆಂಟ್ ಅಂದಿದ್ದು ಇನ್‌ಕಮ್ ಟ್ಯಾಕ್ಸ್‌ನ ಸೆಕ್ಷನ್ 80ಜೆಜೆಎಎ. ಟ್ಯಾಕ್ಸ್ 30 ಪರ್ಸೆಂಟ್ ಮಾಫ್ ಅಂತ ಅಲ್ಲ. ಹೊಸ ಉದ್ಯೋಗಿಗೆ ಕೊಟ್ಟ ಸಂಬಳ ಹೇಗೂ ನಿಮ್ಮ ಖರ್ಚು, ಪೂರ್ತಿ ಕಳೀತೀರಿ, ಅದರ ಮೇಲೆ ಇನ್ನೂ 30 ಪರ್ಸೆಂಟ್ ಎಕ್ಸ್‌ಟ್ರಾ ನಿಮ್ಮ ಲಾಭದಿಂದ ಕಳೆಯೋಕೆ ಬಿಡ್ತಾರೆ, ಮೂರು ವರ್ಷ. ಹೊಸ ಟ್ಯಾಕ್ಸ್ ರೆಜೀಮ್‌ಗೆ ಹೋದವರಿಗೆ ಮಿಕ್ಕ ಎಷ್ಟೋ ವಿನಾಯಿತಿ ಹೋದರೂ ಇದನ್ನ ಉಳಿಸಿದ್ದಾರೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರೋದ್ರಿಂದ ಸೆಕ್ಷನ್ ನಂಬರ್ ಬದಲಾಗುತ್ತೆ, ಆದ್ರೆ ಎಲ್ಲರ ಬಾಯಲ್ಲೂ ಹಳೇ ನಂಬರೇ ಇರೋದ್ರಿಂದ ನಾನೂ ಅದನ್ನೇ ಬಳಸ್ತೀನಿ.

ಷರತ್ತು ಜಾಸ್ತಿ ಇದೆ. ಸಂಬಳ ತಿಂಗಳಿಗೆ 25 ಸಾವಿರ ಮೀರಬಾರದು, ಪಿಎಫ್ ಇರಲೇಬೇಕು, ಸಂಬಳ ಕ್ಯಾಶ್‌ನಲ್ಲಿ ಕೊಡೋ ಹಾಗಿಲ್ಲ ಬ್ಯಾಂಕ್ ಮೂಲಕವೇ ಹೋಗಬೇಕು, ಆ ವರ್ಷದಲ್ಲಿ ಕನಿಷ್ಠ 240 ದಿನ ಕೆಲಸದಲ್ಲಿ ಇರಬೇಕು. ಇಲ್ಲೇ ಕಾಲೇಜು ಮುಗಿಸಿದವರ ವಿಷಯದಲ್ಲಿ ಜನ ಎಡವೋದು. ಮಾರ್ಚ್ 31ಕ್ಕೆ 240 ದಿನ ಆಗಬೇಕು ಅಂದ್ರೆ ಆಗಸ್ಟ್ 4ರ ಒಳಗೆ ಜಾಯಿನ್ ಆಗಿರಬೇಕು. ರಿಸಲ್ಟ್ ಬಂದು ಮಾರ್ಕ್ಸ್ ಕಾರ್ಡ್ ಕೈಗೆ ಸಿಕ್ಕಿ ಸೆಪ್ಟೆಂಬರ್‌ನಲ್ಲಿ ಬಂದವರು ಆ ವರ್ಷಕ್ಕೆ ಲೆಕ್ಕಕ್ಕೆ ಬರಲ್ಲ. ಮೊದಲು ಅಂಥವರು ಪೂರ್ತಿ ಕೈತಪ್ಪಿ ಹೋಗ್ತಿದ್ರು, 2018ರಲ್ಲಿ ತಿದ್ದುಪಡಿ ಮಾಡಿದ ಮೇಲೆ ಮುಂದಿನ ವರ್ಷ 240 ದಿನ ತುಂಬಿದ್ರೆ ಮುಂದಿನ ವರ್ಷವೇ ಸೇರಿದ ಹಾಗೆ ಅಂತ ತಗೋತಾರೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಸೇರಿದ್ರು ಅಂತ ಫೈಲ್ ಮುಚ್ಚಿಡಬೇಡಿ, ಮುಂದಿನ ವರ್ಷ ತೆಗೆದು ನೋಡಿ.

ಆದ್ರೆ ನಿಮಗೆ ಇದು ಸಿಗುತ್ತಾ ಅಂತ ಹೇಳೋಕೆ ಮುಂಚೆ ಒಂದು ಪ್ರಶ್ನೆ. ನಿಮ್ಮ ಟರ್ನೋವರ್ ಎಷ್ಟು, ವ್ಯವಹಾರದಲ್ಲಿ ಕ್ಯಾಶ್ ಎಷ್ಟು ಪರ್ಸೆಂಟ್ ಇರುತ್ತೆ?

---

ತಾರಿಹಾಳ ವರ್ಕ್‌ಶಾಪ್:

ಏಳೂವರಿ ಕೋಟಿ ಸರ್. ಕ್ಯಾಶ್ ಅಂದ್ರ ಚಾ, ಟೆಂಪೋ ಬಾಡಗಿ ಇಷ್ಟ, ಉಳದದ್ದೆಲ್ಲಾ ಬ್ಯಾಂಕಿಂದನ.

---

ಲೆಕ್ಕಪತ್ರ ದಾವಣಗೆರೆ:

ಹಾಗಾದ್ರೆ ನಿಮಗೆ 80ಜೆಜೆಎಎ ಸಿಗಲ್ಲ ಸರ್. ಕಾರಣ ಕೇಳಿ. ಈ ಸೆಕ್ಷನ್ ಇರೋದು 44ಎಬಿ ಪ್ರಕಾರ ಟ್ಯಾಕ್ಸ್ ಆಡಿಟ್ (ಸಿಎ ಲೆಕ್ಕಪುಸ್ತಕ ತಪಾಸಣೆ ಮಾಡೋದು) ಕಡ್ಡಾಯ ಆಗಿರೋರಿಗೆ ಮಾತ್ರ. ಆಡಿಟ್‌ನ ಮಿತಿ 1 ಕೋಟಿ, ಆದ್ರೆ ಬರೋ ಹಣ ಕೊಡೋ ಹಣ ಎರಡರಲ್ಲೂ ಕ್ಯಾಶ್ 5 ಪರ್ಸೆಂಟ್ ಒಳಗಿದ್ರೆ 10 ಕೋಟಿವರೆಗೆ ಆಡಿಟ್ ಬೇಡ ಅಂತ ಮಾಡಿದ್ದಾರೆ. ಸಣ್ಣ ಉದ್ದಿಮೆಯವರಿಗೆ ಆಡಿಟ್ ಖರ್ಚು ಉಳೀಲಿ ಅಂತ ಮಾಡಿದ್ದು, ಒಳ್ಳೇದೇ, ಆದ್ರೆ ಅದರ ಜೊತೆಗೆ ಈ ಬಾಗಿಲೂ ಮುಚ್ಚಿಹೋಯ್ತು. ಕ್ಯಾಶ್‌ನಲ್ಲಿ ವ್ಯವಹಾರ ಮಾಡೋ ಎರಡು ಕೋಟಿಯ ಅಂಗಡಿಗೆ ಆಡಿಟ್ ಕಡ್ಡಾಯ ಆಗಬಹುದು, ಅವರು ಈ ಡಿಡಕ್ಷನ್ ಕೇಳಬಹುದು, ಎಲ್ಲಾ ಬ್ಯಾಂಕಲ್ಲೇ ಮಾಡೋ ಏಳೂವರೆ ಕೋಟಿಯ ನೀವು ಕೇಳೋ ಹಾಗಿಲ್ಲ. ಇದು ಸರಿಯಲ್ಲ ಅಂತ ನನಗೆ ತುಂಬಾ ಬೇಜಾರಿದೆ, ಯಾಕಂದ್ರೆ ಊರುಗಳಲ್ಲಿ ಹೊಸ ಹುಡುಗರಿಗೆ ಮೊದಲ ಕೆಲಸ ಕೊಡೋರು ನಿಮ್ಮಂಥವರೇ. ಟ್ಯಾಕ್ಸ್ ಆಡಿಟ್ ಬದಲು ಸಿಎ ಸರ್ಟಿಫಿಕೇಟ್ ಸಾಕು ಅಂತ ಒಂದು ಸಾಲು ಬದಲಾಯಿಸಿದ್ರೆ ಆಗುತ್ತೆ. ಹೇಗೂ ಇದಕ್ಕೆ ಸಿಎ ಸಹಿ ಮಾಡೋ ಫಾರ್ಮ್ 10ಡಿಎ ಬೇಕೇ ಬೇಕು.

ಬೇಸರ ಮಾಡ್ಕೋಬೇಡಿ, ನಿಮಗೆ ಇದಕ್ಕಿಂತ ಹೆಚ್ಚು ಉಪಯೋಗ ಆಗೋದು ಇನ್ನೊಂದಿದೆ. ವಾಟ್ಸಾಪ್‌ನಲ್ಲಿ ಬಂದ 15 ಸಾವಿರದ ಮೂಲ ಅದೇ, ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. ಇದು ಟ್ಯಾಕ್ಸ್ ವಿನಾಯಿತಿ ಅಲ್ಲ, ನೇರ ಹಣ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು, 99,446 ಕೋಟಿ ರೂಪಾಯಿ ಇಟ್ಟಿದ್ದಾರೆ, 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ಒಳಗೆ ಸೇರಿದವರಿಗೆ. ಇದರಲ್ಲಿ ಎರಡು ಭಾಗ. ಮೊದಲನೇದು ಉದ್ಯೋಗಿಗೆ: ಜೀವನದಲ್ಲಿ ಮೊದಲ ಸಲ ಪಿಎಫ್‌ಗೆ ಬಂದವರಿಗೆ ಒಂದು ತಿಂಗಳ ಪಿಎಫ್ ವೇತನ (ಪಿಎಫ್ ಯಾವ ಮೊತ್ತದ ಮೇಲೆ ಕಟ್ತೀರೋ ಅದು), ಗರಿಷ್ಠ 15 ಸಾವಿರ, ಎರಡು ಕಂತಲ್ಲಿ. ಆರು ತಿಂಗಳಾದ ಮೇಲೆ ಒಂದು, ಹನ್ನೆರಡು ತಿಂಗಳಾಗಿ ಹಣಕಾಸು ಸಾಕ್ಷರತೆಯ ಆನ್‌ಲೈನ್ ಪಾಠ ಮುಗಿಸಿದ ಮೇಲೆ ಇನ್ನೊಂದು. ಈ ಹಣ ಹುಡುಗರ ಆಧಾರ್ ಲಿಂಕ್ ಆದ ಖಾತೆಗೆ ಹೋಗುತ್ತೆ, ನಿಮಗಲ್ಲ. ಇದನ್ನ ಸಂಬಳದಲ್ಲಿ ಹಿಡ್ಕೊಳ್ಳೋ ಮಾಲೀಕರ ಬಗ್ಗೆ ಕೇಳಿದೀನಿ, ಅದು ಶುದ್ಧ ತಪ್ಪು.

ಎರಡನೇ ಭಾಗ ನಿಮಗೆ. ಹೆಚ್ಚುವರಿಯಾಗಿ ತಗೊಂಡ ಪ್ರತಿಯೊಬ್ಬರಿಗೂ ಪಿಎಫ್ ವೇತನ 10 ಸಾವಿರದ ಒಳಗಿದ್ರೆ 1,000ದವರೆಗೆ, 10ರಿಂದ 20 ಸಾವಿರದ ತನಕ 2,000, 20 ಸಾವಿರ ದಾಟಿದ್ರೆ 3,000, ತಿಂಗಳು ತಿಂಗಳಿನ ಲೆಕ್ಕ, ಎರಡು ವರ್ಷ. ಉತ್ಪಾದನಾ ವಲಯಕ್ಕೆ ಮೂರನೇ, ನಾಲ್ಕನೇ ವರ್ಷವೂ ಇದೆ, ನೀವು ಅದರಲ್ಲಿ ಬರ್ತೀರಿ. 50ಕ್ಕಿಂತ ಕಡಿಮೆ ಜನ ಇರೋ ಕಡೆ ಕನಿಷ್ಠ ಇಬ್ಬರು ಹೊಸಬರನ್ನ ತಗೋಬೇಕು, ಮೇಲಿದ್ರೆ ಐದು. ನಿಮ್ಮದು ಮೂರು, ಸಾಕು. ಅವರು ಆರು ತಿಂಗಳು ಉಳಿದ ಮೇಲೆ ಮಾತ್ರ ಲೆಕ್ಕ.

18 ಸಾವಿರಕ್ಕೆ ಪೂರ್ತಿ ಪಿಎಫ್ ಕಟ್ಟಿದ್ರೆ ನಿಮ್ಮ ಪಾಲು, ಆಡಳಿತ ಶುಲ್ಕ, ವಿಮೆ (ಇದು 15 ಸಾವಿರದ ಮಿತಿಗೇ) ಎಲ್ಲಾ ಸೇರಿ 2,325 ಆಗುತ್ತೆ, 15 ಸಾವಿರದ ಮಿತಿಗೇ ಕಟ್ಟಿದ್ರೆ 1,950. ಸರ್ಕಾರ ಕೊಡೋದು 2,000. ಅಂದ್ರೆ ಹೊಸಬರ ಪಿಎಫ್ ಹೊರೆ ಹೆಚ್ಚುಕಮ್ಮಿ ಪೂರ್ತಿ ಸರ್ಕಾರ ಹೊತ್ತ ಹಾಗೆ. ನಾಲ್ಕು ವರ್ಷ ಒಬ್ಬರು ಉಳಿದ್ರೆ 96 ಸಾವಿರ, ಮೂವರಿಗೆ 2,88,000. ನಿಮ್ಮ ಫರ್ಮ್‌ನ ಪ್ಯಾನ್‌ಗೆ ಲಿಂಕ್ ಆದ ಖಾತೆಗೆ ಬರುತ್ತೆ, ಬಂದದ್ದನ್ನ ಆದಾಯದಲ್ಲಿ ತೋರಿಸ್ಬೇಕು.

---

ದೊಡ್ಡಬಳ್ಳಾಪುರ ಗಾರ್ಮೆಂಟ್:

ನಾವು 80ಜೆಜೆಎಎ ತಗೋತಿದೀವಿ, ನಮ್ಮ ಅನುಭವ ಹೇಳ್ತೀನಿ, ಬೇರೆಯವರಿಗೆ ಉಪಯೋಗ ಆಗ್ಲಿ. ಪ್ರೈವೇಟ್ ಲಿಮಿಟೆಡ್, ಟರ್ನೋವರ್ 14 ಕೋಟಿ ಇರೋದ್ರಿಂದ ಟ್ಯಾಕ್ಸ್ ಆಡಿಟ್ ನಮಗೆ ಹೇಗೂ ಕಡ್ಡಾಯ. ಹೊಲಿಗೆ ಲೈನ್ ಬಿಟ್ಟು ಮರ್ಚಂಡೈಸಿಂಗ್, ಕ್ವಾಲಿಟಿ, ಅಕೌಂಟ್ಸ್‌ಗೆ ಪ್ರತಿ ವರ್ಷ ಡಿಗ್ರಿ ಮುಗಿಸಿದ ಹುಡುಗೀರನ್ನೇ ಹೆಚ್ಚಾಗಿ ತಗೋತೀವಿ. ನಮ್ಮ ವಲಯಕ್ಕೆ ಒಂದು ಅನುಕೂಲ ಇದೆ, ಬಟ್ಟೆ, ಪಾದರಕ್ಷೆ, ಚರ್ಮದ ತಯಾರಿಕೆಗೆ 240 ಅಲ್ಲ 150 ದಿನ ಸಾಕು, ಹಾಗಾಗಿ ಅಕ್ಟೋಬರ್ ಕೊನೆಗೆ ಸೇರಿದವರೂ ಅದೇ ವರ್ಷಕ್ಕೆ ಬರ್ತಾರೆ.

ಲೆಕ್ಕ ಹೀಗೆ: ತಿಂಗಳಿಗೆ 21 ಸಾವಿರ ಸಂಬಳ, ವರ್ಷಕ್ಕೆ 2,52,000, ಅದರ 30 ಪರ್ಸೆಂಟ್ 75,600. ನಮ್ಮ ಕಂಪನಿ 22 ಪರ್ಸೆಂಟ್ ರೇಟಲ್ಲಿದೆ, ಸರ್ಚಾರ್ಜ್ ಸೆಸ್ ಸೇರಿ 25.168 ಪರ್ಸೆಂಟ್, ಅಂದ್ರೆ ಒಬ್ಬರಿಗೆ ವರ್ಷಕ್ಕೆ ಸುಮಾರು 19 ಸಾವಿರ ಟ್ಯಾಕ್ಸ್ ಉಳಿಯುತ್ತೆ, ಮೂರು ವರ್ಷಕ್ಕೆ 57 ಸಾವಿರ. ಕಡಿಮೆ ದುಡ್ಡೇನಲ್ಲ. ಆದ್ರೆ ಲಾಭ ಇದ್ರೆ ಮಾತ್ರ ಇದು ಉಪಯೋಗ, ನಷ್ಟದ ವರ್ಷದಲ್ಲಿ ಕಳೆಯೋಕೆ ಏನಿರುತ್ತೆ. ಎಕ್ಸ್‌ಪೋರ್ಟ್ ಆರ್ಡರ್ ಕುಸಿದ ವರ್ಷ ನಮಗೆ ಇದರಿಂದ ಒಂದು ರೂಪಾಯಿ ಸಹಾಯ ಆಗ್ಲಿಲ್ಲ, ಆವಾಗ್ಲೇ ನಿಜವಾಗಿ ಬೇಕಾಗಿತ್ತು.

ಇನ್ನೊಂದು, ಹಿಂದಿನ ಮಾರ್ಚ್ 31ಕ್ಕೆ ಇದ್ದ ಒಟ್ಟು ತಲೆಗಿಂತ ಜಾಸ್ತಿ ಆಗಿರಲೇಬೇಕು. ಹತ್ತು ಜನ ಬಂದು ಹತ್ತು ಜನ ಬಿಟ್ಟು ಹೋದ್ರೆ ಲೆಕ್ಕ ಸೊನ್ನೆ. ಗಾರ್ಮೆಂಟ್‌ನಲ್ಲಿ ಜನ ಬರೋದು ಹೋಗೋದು ಎಷ್ಟು ಅಂತ ಎಲ್ಲರಿಗೂ ಗೊತ್ತು. ಇದರಿಂದ ನಮ್ಮ ಎಚ್‌ಆರ್‌ನಲ್ಲಿ ಆದ ಒಳ್ಳೇ ಬದಲಾವಣೆ ಅಂದ್ರೆ ಹೊಸಬರು ಯಾಕೆ ಬಿಟ್ಟು ಹೋಗ್ತಿದಾರೆ ಅಂತ ಕೂತು ಕೇಳೋಕೆ ಶುರು ಮಾಡಿದ್ರು. ಎಷ್ಟೋ ಜನಕ್ಕೆ ಸಂಬಳ ಅಲ್ಲ ಸಮಸ್ಯೆ, ಸಂಜೆ ಬಸ್ಸು. ವ್ಯಾನ್ ಹಾಕಿದ ಮೇಲೆ ಬಿಡೋರು ಕಡಿಮೆ ಆದ್ರು.

ಸಿಎ ಸರ್, 10ಡಿಎ ಯಾವಾಗ ಹಾಕ್ಬೇಕು ಅಂತ ಇಲ್ಲಿ ಬರೆದ್ರೆ ಚೆನ್ನಾಗಿರುತ್ತೆ, ಅದೊಂದನ್ನ ಎಲ್ಲರೂ ರಿಟರ್ನ್ ಜೊತೆಗೇ ಹಾಕಬಹುದು ಅಂದ್ಕೊಂಡಿರ್ತಾರೆ.

---

ಗದಗ ಬಿಕಾಂ 2023:

ಇಲ್ಲಿವರೆಗೆ ಬರೆದವರೆಲ್ಲಾ ಮಾಲೀಕರ ಕಡೆಯವರು, ನಾನು ಆ ಕಡೆಯಿಂದ ಹೇಳ್ತೀನಿ.

ಡಿಗ್ರಿ ಮುಗಿದ ಮೇಲೆ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಅಕೌಂಟ್ಸ್‌ಗೆ ಸೇರಿದೆ. ಟ್ರೈನಿ ಅಂದ್ರು. ಕವರ್‌ನಲ್ಲಿ ಕ್ಯಾಶ್ ಕೊಡ್ತಿದ್ರು. ಮೊದಲ ವಾರದಿಂದನೇ ಟ್ಯಾಲಿ ಎಂಟ್ರಿ, ಇ-ವೇ ಬಿಲ್, ಜಿಎಸ್‌ಟಿಗೆ ಬಿಲ್ ಹೊಂದಿಸೋದು ಎಲ್ಲಾ ನಾನೇ ಮಾಡ್ತಿದ್ದೆ, ಟ್ರೈನಿಂಗ್ ಅಂತ ಯಾರೂ ಏನೂ ಕೊಟ್ಟಿದ್ದಿಲ್ಲ. ಪಿಎಫ್ ಕೇಳಿದ್ರೆ ಆರು ತಿಂಗಳಾಗ್ಲಿ ಅಂದ್ರು, ಆಮೇಲೆ ವರ್ಷ ಆಗ್ಲಿ ಅಂದ್ರು. ವರ್ಷದ ಮೇಲೆ ದುಡಿದು ಬೇರೆ ಕಡೆ ಇಂಟರ್ವ್ಯೂಗೆ ಹೋದಾಗ ನಿಮ್ಮ ಪಿಎಫ್ ಸರ್ವಿಸ್ ಹಿಸ್ಟರಿ ತೋರಿಸಿ ಅಂದ್ರು. ಏನಿದೆ ತೋರಿಸೋಕೆ? ಸ್ಯಾಲರಿ ಸ್ಲಿಪ್ ಇಲ್ಲ, ಬ್ಯಾಂಕ್ ಎಂಟ್ರಿ ಇಲ್ಲ, ಫ್ರೆಶರ್ ಅಂತಲೇ ಮತ್ತೆ ಮೊದಲಿಂದ ಶುರು. ಆ ವರ್ಷ ನಾನು ಕೆಲಸ ಮಾಡಿದ್ದು ಯಾವ ದಾಖಲೆಯಲ್ಲೂ ಇಲ್ಲ.

ಅದಕ್ಕೇ ಹೇಳ್ತೀನಿ, ಈ ಯೋಜನೆಗಳಿಂದ ನಮಗೆ ಸಿಗೋ ದೊಡ್ಡ ಲಾಭ 15 ಸಾವಿರ ಅಲ್ಲ, ಮೊದಲ ದಿನದಿಂದ ಹೆಸರು ಪಿಎಫ್‌ನಲ್ಲಿ ಬೀಳೋದು. ಮಾಲೀಕರಿಗೆ ತಿಂಗಳಿಗೆ 2,000 ಬರುತ್ತೆ ಅನ್ನೋ ಕಾರಣಕ್ಕಾದ್ರೂ ನಮ್ಮ ಹೆಸರು ಬರೀತಾರಲ್ಲ, ಅಷ್ಟು ಸಾಕು ಅನ್ಸುತ್ತೆ.

ಮತ್ತೊಂದು ಮಾತು ಹೇಳಲೇಬೇಕು. ಯುವನಿಧಿ ಬರೋ ಹುಡುಗರಿಗೆ ಕೆಲವು ಕಡೆ, ನಿನ್ನ ಹೆಸರು ಪುಸ್ತಕದಲ್ಲಿ ತೋರಿಸಲ್ಲ, ಯುವನಿಧಿಯ 3,000 ಬರ್ತಾ ಇರ್ಲಿ, ಸಂಬಳ ಅಷ್ಟು ಕಡಿಮೆ ತಗೋ ಅಂತಾರೆ. ನನ್ನ ಜೊತೆ ಓದಿದವರಿಗೇ ಹೀಗೆ ಹೇಳಿದ್ದಾರೆ. ಯುವನಿಧಿ ಕೊಡೋದು ಡಿಗ್ರಿ ಆಗಿ ಆರು ತಿಂಗಳಾದ್ರೂ ಕೆಲಸ ಸಿಗದೇ ಇರೋರಿಗೆ, ಅದೂ ಹೆಚ್ಚಂದ್ರೆ ಎರಡು ವರ್ಷ. ಕೆಲಸ ಇದ್ದೂ ಇಲ್ಲ ಅಂತ ಬರೆದುಕೊಟ್ರೆ ಸಿಕ್ಕಿಬೀಳೋನು ಹುಡುಗ, ಮಾಲೀಕ ಅಲ್ಲ. ದಯವಿಟ್ಟು ಯಾರೂ ಒಪ್ಪಬೇಡಿ.

ತಾರಿಹಾಳ ಸರ್, ನೀವು ಮೊದಲೇ ಪಿಎಫ್ ಕಟ್ಟೋರು ಅಂತ ಓದಿ ಖುಷಿ ಆಯ್ತು. ಆಫರ್ ಲೆಟರ್‌ನಲ್ಲಿ "ಪಿಎಫ್ ಸೇರಿದ ದಿನದಿಂದ" ಅಂತ ಒಂದು ಸಾಲು ಬರೆಯಿರಿ. ಮನೆಯಲ್ಲಿ ಅಪ್ಪ ಅಮ್ಮನಿಗೆ ತೋರಿಸೋಕೆ ಆ ಸಾಲು ಎಷ್ಟು ಮುಖ್ಯ ಅಂತ ನಮಗೆ ಗೊತ್ತು. ಬಿಕಾಂ ಹುಡುಗಿಗೆ ಬೆಂಗಳೂರಿನ ಆಫರ್ ಇದ್ರೂ ಇಲ್ಲೇ ಉಳೀಬಹುದು.

---

ಧಾರವಾಡ ಅರ್ಥಶಾಸ್ತ್ರ:

ಕಾಲೇಜಿನಲ್ಲಿ ಪಾಠ ಮಾಡೋನು ನಾನು, ನನ್ನ ವಿದ್ಯಾರ್ಥಿಗಳೇ ಈ ಚರ್ಚೆಯ ವಿಷಯ, ಹಾಗಾಗಿ ಸ್ವಲ್ಪ ಬೇರೆ ಮಾತು ಹೇಳ್ತೀನಿ.

ಇದು ಹೊಸ ಐಡಿಯಾ ಅಲ್ಲ. 2016ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿ ರೋಜ್‌ಗಾರ್ ಪ್ರೋತ್ಸಾಹನ್ ಯೋಜನೆ ಬಂತು, ಹೊಸಬರ ಪಿಂಚಣಿ ಪಾಲು 8.33 ಪರ್ಸೆಂಟ್ ಸರ್ಕಾರ ಕಟ್ಟೋದು, 2018ರ ಏಪ್ರಿಲ್‌ನಿಂದ ಮಾಲೀಕರ ಪೂರ್ತಿ 12 ಪರ್ಸೆಂಟ್. ಕೋವಿಡ್ ಟೈಮಲ್ಲಿ ಆತ್ಮನಿರ್ಭರ ಭಾರತ ರೋಜ್‌ಗಾರ್ ಯೋಜನೆ, ಸಾವಿರದೊಳಗೆ ಜನ ಇರೋ ಕಡೆ ಎರಡೂ ಪಾಲು ಸೇರಿ 24 ಪರ್ಸೆಂಟ್. ಅವೆರಡೂ 15 ಸಾವಿರಕ್ಕಿಂತ ಕಡಿಮೆ ಸಂಬಳದವರಿಗೆ. ಈಗಿನದರಲ್ಲಿ ಮಿತಿ 1 ಲಕ್ಷಕ್ಕೆ ಏರಿಸಿದ್ದು ಡಿಗ್ರಿಯವರಿಗೆ ಒಳ್ಳೇದಾಯ್ತು. 80ಜೆಜೆಎಎ ಕಥೇನೂ ಹಾಗೇ, ಮೊದಲು ಅದು ಕಾರ್ಖಾನೆಯ ಕಾರ್ಮಿಕರಿಗೆ ಮಾತ್ರ ಇತ್ತು, ನೂರು ಜನ, ಆಮೇಲೆ 2015ರಲ್ಲಿ ಐವತ್ತು ಜನ ಇರಬೇಕು ಅಂತಿತ್ತು. 2016ರ ಬಜೆಟ್‌ನಲ್ಲಿ ಎಲ್ಲಾ ಉದ್ಯಮಕ್ಕೂ ತೆರೆದ್ರು. ಆದ್ರೆ ಆವತ್ತು ಇಟ್ಟ 25 ಸಾವಿರದ ಮಿತಿ ಇವತ್ತೂ ಅಲ್ಲೇ ನಿಂತಿದೆ. ಆವಾಗ 25 ಸಾವಿರ ಅಂದ್ರೆ ಅನುಭವ ಇರೋರ ಸಂಬಳ, ಈಗ ಬೆಂಗಳೂರಲ್ಲಿ ಎಷ್ಟೋ ಕಡೆ ಹೊಸ ಇಂಜಿನಿಯರ್‌ನೇ ಅದನ್ನ ದಾಟ್ತಾನೆ. ಇನ್ನೊಂದು ಕೆಟ್ಟ ಪರಿಣಾಮ ಅಂದ್ರೆ 24,500ರಲ್ಲಿ ಇರೋರಿಗೆ 26,000 ಕೊಡೋಕೆ ಕಂಪನಿ ಎರಡು ಸಲ ಯೋಚಿಸುತ್ತೆ.

ನನ್ನ ಮುಖ್ಯ ತಕರಾರು ಬೇರೆ. ಮೂಲ ಪ್ರಶ್ನೆ ಕೇಳಿದವರನ್ನೇ ನೋಡಿ. ಅವರು ಮೂವರನ್ನ ತಗೋತಿರೋದು ಮಷೀನ್ ಬಂದಿದೆ, ಆರ್ಡರ್ ಇದೆ ಅಂತ. ಯೋಜನೆ ಇಲ್ಲದಿದ್ರೂ ತಗೋತಿದ್ರು. ಇಂಥ ಪ್ರೋತ್ಸಾಹಧನದಲ್ಲಿ ದೊಡ್ಡ ಭಾಗ ಹೇಗೂ ಆಗ್ತಿದ್ದ ನೇಮಕಕ್ಕೇ ಹೋಗುತ್ತೆ, ದೊಡ್ಡ ಕಂಪನಿಗಳಲ್ಲಂತೂ ಇನ್ನೂ ಹೆಚ್ಚು, ಅಲ್ಲಿ ನೇಮಕ ಮಾಡೋನಿಗೆ ಟ್ಯಾಕ್ಸ್ ಡಿಪಾರ್ಟ್‌ಮೆಂಟ್ ಏನು ಮಾಡ್ತಿದೆ ಅಂತಲೇ ಗೊತ್ತಿರಲ್ಲ. ವಿಟಿಯು ಅಡಿಯಲ್ಲೇ 200ಕ್ಕೂ ಹೆಚ್ಚು ಇಂಜಿನಿಯರಿಂಗ್ ಕಾಲೇಜುಗಳಿವೆ, ಅಲ್ಲಿಂದ ಹೊರಬರೋ ಮಕ್ಕಳಿಗೆ ಕೆಲಸ ಕೊಡೋ ಶಕ್ತಿ ಇರೋದು ಆರ್ಡರ್‌ಗೆ, ವಿನಾಯಿತಿಗಲ್ಲ. ಹಣ ಕೊಡೋದಾದ್ರೆ ಆ ಮೊದಲ ಆರು ತಿಂಗಳ ಕಲಿಕೆಗೆ ಕೊಡ್ಲಿ. ಅವರು ಹೇಳಿದ ಸ್ಕ್ರ್ಯಾಪು, ಹಳೇ ಆಪರೇಟರ್ ಸಮಯ, ಅಲ್ಲಿ ನಿಜವಾದ ಖರ್ಚಿದೆ. ಈಗಿನ ಯೋಜನೆ ಆ ಆರು ತಿಂಗಳು ಮುಗಿದ ಮೇಲೆ ಲೆಕ್ಕ ಶುರು ಮಾಡುತ್ತೆ.

ಅಪ್ರೆಂಟಿಸ್ ಯೋಜನೆ ಮಾತ್ರ ಇದಕ್ಕೆ ಹತ್ತಿರ ಬರುತ್ತೆ. ಅದರ ಬಗ್ಗೆ ಯಾರೂ ಬರೆದಿಲ್ಲ.

---

ಲೆಕ್ಕಪತ್ರ ದಾವಣಗೆರೆ:

ಮೇಷ್ಟ್ರೇ, ಮೊದಲ ಆರು ತಿಂಗಳ ವಿಷಯ ನೂರಕ್ಕೆ ನೂರು ಒಪ್ತೀನಿ. ಆದ್ರೆ "ಹೇಗೂ ತಗೋತಿದ್ರು" ಅನ್ನೋದನ್ನ ಪೂರ್ತಿ ಒಪ್ಪಲ್ಲ. ತಗೋತಿದ್ರು ಸರಿ, ಪಿಎಫ್ ಹಾಕಿ ತಗೋತಿದ್ರಾ? ಮೇಲೆ ಗದಗದವರು ಬರೆದಿದ್ದು ಓದಿ. ನನ್ನ ಕ್ಲೈಂಟ್‌ಗಳಲ್ಲಿ ಬಹಳ ಜನ ಮೊದಲ ವರ್ಷ ಪುಸ್ತಕದ ಹೊರಗೇ ಇಟ್ಕೊಳ್ಳೋರು, ಈ ಯೋಜನೆಯ ಲೆಕ್ಕ ತೋರಿಸಿದ ಮೇಲೆ ಒಳಗೆ ತಂದಿದ್ದಾರೆ. ನನಗೆ ಅದೇ ದೊಡ್ಡ ವಿಷಯ.

ಅಪ್ರೆಂಟಿಸ್: ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ ಎನ್‌ಎಟಿಎಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಅಂತ ಇದೆ, 1961ರ ಅಪ್ರೆಂಟಿಸಸ್ ಕಾಯ್ದೆ ಅಡಿಯಲ್ಲಿ, ದಕ್ಷಿಣಕ್ಕೆ ಚೆನ್ನೈನಲ್ಲಿರೋ ಬೋರ್ಡ್ ನೋಡ್ಕೊಳ್ಳುತ್ತೆ. ಪದವೀಧರರಿಗೆ ಕನಿಷ್ಠ 9,000 ಸ್ಟೈಪೆಂಡ್ ಅಂತ ನಿಗದಿ ಆಗಿತ್ತು, ಅದರಲ್ಲಿ ಅರ್ಧ ಅಂದ್ರೆ 4,500 ಕೇಂದ್ರ ಕೊಡ್ತಿತ್ತು. ನೀವು 15 ಸಾವಿರ ಕೊಟ್ರೂ ಸರ್ಕಾರದ ಪಾಲು ಕನಿಷ್ಠದ ಅರ್ಧವೇ, ಕೊಟ್ಟಿದ್ದರ ಅರ್ಧ ಅಲ್ಲ, ಇದನ್ನ ಜನ ತಪ್ಪು ತಿಳ್ಕೊಳ್ತಾರೆ. ಪೋರ್ಟಲ್‌ನಲ್ಲಿ ಅವತ್ತಿನ ದರ ನೋಡಿ. 30 ಮತ್ತು ಮೇಲ್ಪಟ್ಟು ಜನ ಇರೋ ಕಡೆ ಅಪ್ರೆಂಟಿಸ್ ತಗೊಳ್ಳೋದು ಕಡ್ಡಾಯ, ಒಟ್ಟು ಜನರ 2.5ರಿಂದ 15 ಪರ್ಸೆಂಟ್. ತಾರಿಹಾಳದವರಿಗೆ ಐಚ್ಛಿಕ.

ಮೂರೂ ಒಟ್ಟಿಗೆ ಆಗುತ್ತಾ ಅಂತ ಕೇಳಿದ್ರಿ. ಒಬ್ಬರ ಮೇಲೆ ಒಂದೇ ಸಮಯದಲ್ಲಿ ಆಗಲ್ಲ. ಅಪ್ರೆಂಟಿಸ್ ಉದ್ಯೋಗಿ ಅಲ್ಲ, ಪಿಎಫ್ ಇಎಸ್‌ಐ ಬರಲ್ಲ, ಹಾಗಾಗಿ ಆ ಒಂದು ವರ್ಷ ರೋಜ್‌ಗಾರ್ ಯೋಜನೆಯ ತಲೆಲೆಕ್ಕಕ್ಕೂ ಬರಲ್ಲ. ವರ್ಷ ಮುಗಿದು ಖಾಯಂ ಮಾಡಿದ್ರೆ ಆವಾಗ ಮೊದಲ ಸಲ ಪಿಎಫ್‌ಗೆ ಬಂದವರು ಅಂತ ಆಗುತ್ತೆ, ಆದ್ರೆ ಅದು 2027ರ ಜುಲೈ 31ರ ಒಳಗೆ ಆಗಬೇಕು, ಈಗ ತಡಮಾಡಿ ಒಂದು ವರ್ಷದ ಅಪ್ರೆಂಟಿಸ್‌ಗೆ ಹಾಕಿದ್ರೆ ಆ ದಿನಾಂಕ ದಾಟಿ ಹೋಗುತ್ತೆ. ನಿಮಗೆ ಜನ ಖಾಯಂ ಬೇಕು, ಮಷೀನ್ ಕೂತಿದೆ, ನೇರ ಉದ್ಯೋಗಿ ಅಂತಲೇ ತಗೊಳ್ಳಿ.

ಇನ್ನೊಂದು ಲೆಕ್ಕ ಹಾಕಿ ನೋಡಿದೆ, ಇಷ್ಟ ಆದ್ರೆ ಯೋಚಿಸಿ. ಬಿಇ ಹುಡುಗರಿಗೆ 18,000 ಬದಲು ಪಿಎಫ್ ವೇತನವೇ 20,100 ಮಾಡಿದ್ರೆ ಸ್ಲ್ಯಾಬ್ 3,000ಕ್ಕೆ ಹೋಗುತ್ತೆ. ನಿಮಗೆ ಸಂಬಳ 2,100 ಹೆಚ್ಚು, ಪಿಎಫ್ 263 ಹೆಚ್ಚು, ಇಎಸ್‌ಐ 3.25 ಪರ್ಸೆಂಟ್ ಅಂತ 68 ಹೆಚ್ಚು, ಒಟ್ಟು 2,431, ಅದರಲ್ಲಿ 1,000 ಸರ್ಕಾರದಿಂದ ಬರುತ್ತೆ. ಅಂದ್ರೆ 1,431 ರೂಪಾಯಿ ನಿಮ್ಮ ಕೈಯಿಂದ ಹೋಗಿ ಹುಡುಗನಿಗೆ 2,100 ಏರುತ್ತೆ. 21 ಸಾವಿರದ ಒಳಗಿರೋದ್ರಿಂದ ಇಎಸ್‌ಐ ಕೂಡ ಉಳಿಯುತ್ತೆ. ಆದ್ರೆ ಪಿಎಫ್ ಪೂರ್ತಿ ಸಂಬಳದ ಮೇಲೆ ಕಟ್ಟಬೇಕು, 15 ಸಾವಿರಕ್ಕೆ ನಿಲ್ಲಿಸಿದ್ರೆ ಸ್ಲ್ಯಾಬ್ 2,000ದಲ್ಲೇ ಇರುತ್ತೆ.

---

ತಾರಿಹಾಳ ವರ್ಕ್‌ಶಾಪ್:

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ, ಇಷ್ಟು ಬಿಡಿಸಿ ಯಾರೂ ಹೇಳಿದ್ದಿಲ್ಲ. ಅಣ್ಣನ ಕೂಡ ಮಾತಾಡಿದೆ. ಬಿಇ ಇಬ್ರಿಗೂ 20,100 ಮಾಡೂದಂತ ಆತು, ಬಿಕಾಂ ಹುಡುಗಿಗೆ 18 ಸಾವಿರದಿಂದ ಶುರು ಮಾಡಿ ಆರು ತಿಂಗಳಾದ ಮ್ಯಾಲೆ ನೋಡ್ತೀವಿ. ಗದಗ ತಂಗಿ ಹೇಳಿದಂಗ ಪಿಎಫ್ ಸಾಲು ಆಫರ್ ಲೆಟರ್‌ದಾಗ ಬರಸ್ತೀನಿ, 15 ಸಾವಿರ ನಿಮ್ಮ ಅಕೌಂಟಿಗೆ ಬರತದ, ಅದಕ್ಕೂ ನಮಗೂ ಸಂಬಂಧ ಇಲ್ಲ ಅಂತನೂ ಅವ್ರಿಗೆ ತಿಳಿಸಿ ಹೇಳ್ತೀನಿ. ಮೇಷ್ಟ್ರ ಮಾತೂ ಖರೆ ಐತ್ರಿ, ನಾ ತಗೊಳ್ಳೂದು ಆರ್ಡರ್ ಸಲುವಾಗಿನ. ಆದ್ರ 18ರಿಂದ 20 ಮಾಡಿದ್ದು ಈ ಯೋಜನೆ ಸಲುವಾಗಿ, ಅದನ್ನೂ ಹೇಳಬೇಕು.

ಒಂದು ಪ್ರಶ್ನೆ ಉಳದೈತಿ. ಬಿಇ ಹುಡುಗ್ರಾಗ ಒಬ್ಬಾವ ಓದೂ ಮುಂದ ರಜಾದಾಗ ಹುಬ್ಬಳ್ಳಿ ಕಾಲ್ ಸೆಂಟರ್‌ದಾಗ ಎರಡು ತಿಂಗಳು ದುಡದಾನ, ಆಗ ಪಿಎಫ್ ಕಟ್ ಆಗಿತ್ತಂತ, ಯುಎಎನ್ ನಂಬರ್ (ಪಿಎಫ್‌ದ ಕಾಯಂ ಗುರುತಿನ ನಂಬರ್) ಐತಿ. ಅವ್ನಿಗೆ ಏನಾಗತದ?

---

ಲೆಕ್ಕಪತ್ರ ದಾವಣಗೆರೆ:

ಅವನಿಗೆ 15 ಸಾವಿರ ಸಿಗಲ್ಲ, ಅದು ಮೊದಲ ಸಲ ಪಿಎಫ್‌ಗೆ ಬಂದವರಿಗೆ ಮಾತ್ರ. ಇದನ್ನ ಸೇರೋಕೆ ಮುಂಚೆಯೇ ಅವನಿಗೆ ಹೇಳಿಬಿಡಿ, ಜೊತೆಯವನಿಗೆ ಬಂದು ತನಗೆ ಬರದಿದ್ದಾಗ ನೀವು ಹಿಡ್ಕೊಂಡ್ರಿ ಅಂತ ಅಂದ್ಕೋಬಾರದು. ನಿಮ್ಮ ಭಾಗಕ್ಕೆ ಮಾತ್ರ ತೊಂದರೆ ಇಲ್ಲ, ಮಾಲೀಕರ ಪ್ರೋತ್ಸಾಹಧನಕ್ಕೆ ಹೆಚ್ಚುವರಿ ಉದ್ಯೋಗಿ ಆದ್ರೆ ಸಾಕು, ಹಳೇ ಯುಎಎನ್ ಇದ್ರೂ ನಡೆಯುತ್ತೆ. ಅವನಿಗೆ ಹೊಸ ಯುಎಎನ್ ಮಾತ್ರ ಮಾಡಿಸಬೇಡಿ, ಹಳೇದನ್ನೇ ಕೊಡ್ಲಿ. ಮಿಕ್ಕ ಇಬ್ಬರಿಗೆ ಉಮಂಗ್ ಆಪ್‌ನಲ್ಲಿ ಮುಖ ತೋರಿಸಿ ಯುಎಎನ್ ಮಾಡಿಸ್ಬೇಕು, 2025ರ ಆಗಸ್ಟ್‌ನಿಂದ ಹಾಗೇ. ಆಧಾರ್‌ನಲ್ಲಿರೋ ಹೆಸರು, ಮಾರ್ಕ್ಸ್ ಕಾರ್ಡ್‌ನಲ್ಲಿರೋ ಹೆಸರು ಹೊಂದುತ್ತಾ ಅಂತ ಮೊದಲೇ ನೋಡಿ. ನಮ್ಮ ಕಡೆ ಇನಿಷಿಯಲ್ ಒಂದು ಕಡೆ ಮುಂದೆ ಒಂದು ಕಡೆ ಹಿಂದೆ ಇರುತ್ತೆ, ಆಮೇಲೆ ಸರಿ ಮಾಡಿಸೋಕೆ ತಿಂಗಳುಗಟ್ಟಲೆ ಓಡಾಡ್ಬೇಕು. ಪ್ರತಿ ತಿಂಗಳ ಇಸಿಆರ್ (ಪಿಎಫ್‌ಗೆ ಹಾಕೋ ಮಾಸಿಕ ರಿಟರ್ನ್) ಟೈಮಿಗೆ ಹಾಕಿ.

ದೊಡ್ಡಬಳ್ಳಾಪುರ ಸರ್, 10ಡಿಎ ರಿಟರ್ನ್‌ನ ಕೊನೇ ದಿನಾಂಕಕ್ಕೆ ಒಂದು ತಿಂಗಳು ಮೊದಲೇ ಹಾಕಿರಬೇಕು. ಆಡಿಟ್ ಇರೋರಿಗೆ ರಿಟರ್ನ್ ಅಕ್ಟೋಬರ್ 31 ಅಂದ್ರೆ ಇದು ಸೆಪ್ಟೆಂಬರ್ 30, ಆಡಿಟ್ ರಿಪೋರ್ಟ್ ಜೊತೆಗೇ. ಜೂನ್‌ನಲ್ಲೇ ಎಚ್‌ಆರ್‌ನಿಂದ ಸೇರಿದ ತಾರೀಕು, ಬಿಟ್ಟ ತಾರೀಕು, ಪಿಎಫ್ ನಂಬರ್ ಇರೋ ಶೀಟ್ ತರಿಸ್ಕೊಂಡು ಸಿಎಗೆ ಕೊಡಿ. ಸೆಪ್ಟೆಂಬರ್ 28ಕ್ಕೆ ಕೇಳಿದ್ರೆ ಆ ಶೀಟ್ ಯಾವ ಆಫೀಸಲ್ಲೂ ರೆಡಿ ಇರಲ್ಲ.